ಹನ್ನೊಂದನೇ ಸ್ಥಳದಿಂದ ಇಳಿದರು: ಶಿಲುಬೆ ಹಾದಿಯ ಗುಡ್ಡದಲ್ಲಿ ಸಿಡಿಲು

ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟ, ಅದರ ಮೇಲಂಚಿಗೆ ಹೊಂದಿಕೊಂಡ ಬೋಳು ಹುಲ್ಲುಗುಡ್ಡ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಕೊನೆಯ ವಾರಗಳು, ಏಪ್ರಿಲ್ ಆರಂಭದ ಒಂದು ಭಾನುವಾರ. ಹಾಸನದ ಬಯಲು ಕಡೆಯ ಧರ್ಮಕೇಂದ್ರವೊಂದರಿಂದ ಮಿಷನ್ ಕೆಲಸಕ್ಕೆ ಬಂದವರು 22 ಮಂದಿ, ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಜೊತೆಯಾದವರು 16. ಒಟ್ಟು 38 ಜನ. ಅವರಲ್ಲಿ ಒಂಬತ್ತು ಮಕ್ಕಳು, ಎಪ್ಪತ್ತು ದಾಟಿದವರು ಇಬ್ಬರು. ಗುಡ್ಡದ ತುದಿಯ ಕಬ್ಬಿಣದ ಶಿಲುಬೆಗೆ ಸಿಡಿಲು ಬಡಿದಾಗ ಅದರ ಹತ್ತಿರ ಇದ್ದವರು ಇಬ್ಬರೇ. ಹದಿನಾರು ನಿಮಿಷ ಮೊದಲು ಒಬ್ಬರು "ಸಾಕು, ಇಳಿಯೋಣ" ಎನ್ನದೇ ಇದ್ದಿದ್ದರೆ 38 ಮಂದಿಯೂ ಆ ಹೊತ್ತಿಗೆ ಅದೇ ಶಿಲುಬೆಯ ಸುತ್ತ ಮೊಣಕಾಲೂರಿ ಇರುತ್ತಿದ್ದರು.

ಧರ್ಮಕೇಂದ್ರಗಳ ಸ್ವಯಂಸೇವಕರಿಗೂ ಯುವಜನ ಸಂಘಗಳಿಗೂ ಪಾಠ ಹೇಳಲು ಕಟ್ಟಿದ ಪ್ರಕರಣವಿದು. ಊರು, ತೋಟ, ವ್ಯಕ್ತಿ ಯಾವುದನ್ನೂ ಹೆಸರಿಸಿಲ್ಲ, ಹುಡುಕುವ ಅಗತ್ಯವೂ ಇಲ್ಲ. ಮೋಡದ, ನೆಲದ, ಸಿಡಿಲಿನ ನಡತೆ ಮಾತ್ರ ಈ ಸೀಮೆಯಲ್ಲಿ ವರ್ಷವೂ ಕಾಣುವಂಥದ್ದೇ.

ಅದಲುಬದಲಾದ ಹೊತ್ತು

ಮೊದಲು ಹಾಕಿಕೊಂಡ ಕಾರ್ಯಕ್ರಮ ಸರಿಯಾಗಿತ್ತು. ಬೆಳಿಗ್ಗೆ ಆರೂವರೆಗೆ ಶಿಲುಬೆ ಹಾದಿ (ಯೇಸುವಿನ ಯಾತನೆಯನ್ನು ನೆನೆಯುತ್ತ ಹದಿನಾಲ್ಕು ಸ್ಥಳಗಳಲ್ಲಿ ನಿಂತು ಪ್ರಾರ್ಥಿಸುವ ನಡಿಗೆ), ಒಂಬತ್ತೂವರೆಗೆಲ್ಲ ಕೆಳಗೆ, ಹತ್ತರಿಂದ ಒಂದರವರೆಗೆ ಲೈನ್ ಮನೆಗಳ ಅಂಗಳದಲ್ಲಿ ಆರೋಗ್ಯ ಶಿಬಿರ. ಶಿಬಿರಕ್ಕೆ ಬರಬೇಕಿದ್ದ ಡಾಕ್ಟರು ಮಧ್ಯಾಹ್ನದೊಳಗೆ ವಾಪಸು ಹೋಗಬೇಕೆಂದು ಹಿಂದಿನ ರಾತ್ರಿ ತಿಳಿಸಿದರು. ಅವರ ಅನುಕೂಲಕ್ಕೆ ಶಿಬಿರವನ್ನು ಬೆಳಿಗ್ಗೆಗೆ ತಂದು, ಶಿಲುಬೆ ಹಾದಿಯನ್ನು ಊಟದ ನಂತರಕ್ಕೆ ತಳ್ಳಿದರು. ಬಿ.ಪಿ., ಶುಗರ್ ತಪಾಸಣೆ ಚೆನ್ನಾಗಿಯೇ ನಡೆಯಿತು. ಆದರೆ ಈ ಅದಲುಬದಲಿನಲ್ಲಿ ಯಾರೂ ಆಕಾಶದ ಲೆಕ್ಕ ಹಾಕಲಿಲ್ಲ. ಇಡೀ ಪ್ರಕರಣದ ಬೇರು ಇಲ್ಲಿದೆ.

ಮಾರ್ಚ್ ಕೊನೆಯಿಂದ ಮೇ ತನಕ ಮಲೆನಾಡಿನ ಮಳೆಗೆ ಒಂದು ದಿನಚರಿ ಇರುತ್ತದೆ. ಬೆಳಿಗ್ಗೆ ತಿಳಿ ಆಕಾಶ. ಹತ್ತು ಗಂಟೆಯ ಮೇಲೆ ನೆಲ ಕಾಯುತ್ತದೆ. ಅರಬ್ಬೀ ಸಮುದ್ರದ ಕಡೆಯಿಂದ ತೇವದ ಗಾಳಿ ಘಟ್ಟ ಹತ್ತಿ ಬರುತ್ತದೆ. ಕಾದ ನೆಲ ಅದನ್ನು ಮೇಲಕ್ಕೆ ನೂಕುತ್ತದೆ, ಗುಡ್ಡದ ಇಳಿಜಾರು ಇನ್ನಷ್ಟು ನೂಕುತ್ತದೆ. ಮಧ್ಯಾಹ್ನ ಎರಡು, ಮೂರರ ಹೊತ್ತಿಗೆ ಮೋಡ ಹತ್ತಾರು ಸಾವಿರ ಅಡಿ ಎತ್ತರಕ್ಕೆ ಬೆಳೆದು, ಮೂರರಿಂದ ಏಳರೊಳಗೆ ಗುಡುಗು, ಆಲಿಕಲ್ಲು, ಮಳೆ. ಕಾಫಿ ಬೆಳೆಗಾರರು ದಾರಿ ಕಾಯುವ ಹೂಮಳೆಯೂ ಇದೇ. ಹದವಾಗಿ ಒಂದಿಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ. ಆ ಭಾನುವಾರ ಅರೇಬಿಕಾ ಅರಳಿ ನಿಂತಿತ್ತು, ಗುಡ್ಡದವರೆಗೂ ಘಮ ಬರುತ್ತಿತ್ತು. ವಾರದ ಹಿಂದೆ ಹೀಗೆಯೇ ಮಧ್ಯಾಹ್ನದ ಮಳೆ ಬಿದ್ದಿದೆ, ಇಂದೂ ಬೀಳಬಹುದು ಎಂದು ಆ ಹೂವೇ ಹೇಳುತ್ತಿತ್ತು. ಬಯಲುಸೀಮೆಯಿಂದ ಬಂದವರಿಗೆ ಅದು ಬರೀ ಹೂವು.

ನಮ್ಮ ಕ್ರೈಸ್ತ ಪಂಚಾಂಗದ ಒಂದು ಸಂಗತಿಯನ್ನು ಇಲ್ಲಿ ಗಮನಿಸಲೇಬೇಕು. ಪಾಸ್ಕ ಹಬ್ಬ (ಈಸ್ಟರ್) ಬರುವುದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ. ಅಂದರೆ ಗುಡ್ಡ ಹತ್ತುವ ನಮ್ಮ ಭಕ್ತಿಯ ಕಾಲವೂ ಘಟ್ಟದ ಸಿಡಿಲಿನ ಕಾಲವೂ ಹೆಚ್ಚು ಕಡಿಮೆ ಪ್ರತಿ ವರ್ಷ ಒಂದರ ಮೇಲೊಂದು ಬರುತ್ತವೆ. ಶುಭ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಗೆ ದೊಡ್ಡ ಅರ್ಥವಿದೆ, ನಿಜ. ಆ ಮೂರು ಗಂಟೆಯನ್ನು ಗುಡಿಯೊಳಗೆ ಆಚರಿಸಬಹುದು. ಗುಡ್ಡಕ್ಕೆ ಬೆಳಗು ಇದೆ.

ಎರಡು ಐವತ್ತೆಂಟರಿಂದ ಮೂರು ಹದಿನೆಂಟು

ತೋಟದ ಕಣದ ಹತ್ತಿರ ಎರಡು ಟಿಟಿ (ಟೆಂಪೋ ಟ್ರಾವೆಲರ್), ಒಂದು ಜೀಪು ನಿಲ್ಲಿಸಿದ್ದರು. ಅಲ್ಲಿಂದ ತುದಿಗೆ ಕಾಲುದಾರಿ ಸುಮಾರು 950 ಮೀಟರ್. ಮೊದಲರ್ಧ ಸಿಲ್ವರ್ ಓಕ್ ಮರಗಳ ಕೆಳಗೆ ಕಾಫಿ ಸಾಲಿನ ನಡುವೆ, ಆಮೇಲೆ ಬೋಳು ಹುಲ್ಲು, ಬಂಡೆ. ದಾರಿಯುದ್ದಕ್ಕೂ ಹದಿನಾಲ್ಕು ಸ್ಥಳಗಳಿಗೆ ಕಲ್ಲು ನೆಟ್ಟಿದೆ. ಹನ್ನೊಂದನೆಯದು ತುದಿಗಿಂತ 250 ಮೀಟರ್ ಕೆಳಗೆ. ಹನ್ನೆರಡನೇ ಸ್ಥಳವೇ ತುದಿಯಲ್ಲಿರುವ ಐದು ಮೀಟರ್ ಎತ್ತರದ ಕಬ್ಬಿಣದ ಶಿಲುಬೆ. ಹದಿಮೂರು, ಹದಿನಾಲ್ಕು ಅದರ ಪಕ್ಕದ ಮಂಟಪದಲ್ಲಿ. ಮಂಟಪವೆಂದರೆ ನಾಲ್ಕು ಕಬ್ಬಿಣದ ಪೈಪು, ಮೇಲೆ ತಗಡು, ಗೋಡೆ ಇಲ್ಲ.

2:05ಕ್ಕೆ ಹೊರಟರು. ಸ್ಥಳವೊಂದಕ್ಕೆ ಆರೇಳು ನಿಮಿಷ. ಸ್ಪೀಕರ್ ಕಟ್ಟಲು, ಕಾಫಿ ಡ್ರಮ್ಮು ಹೊತ್ತೊಯ್ಯಲು ಒಂಬತ್ತು ಜನ ಮುಂಚೆಯೇ ತುದಿಗೆ ಹೋಗಿದ್ದರು. 2:40ರ ಸುಮಾರಿಗೆ ಪಡುವಣ ಏಣಿನ ಹಿಂದೆ ಹೂಕೋಸಿನ ಆಕಾರದ ಬಿಳಿ ಮೋಡ ಎದ್ದಿತು. ಗಾಳಿ ನಿಂತು ಧಗೆ ಹೆಚ್ಚಿತು. ಮೋಡದ ತಲೆ ಹೂಕೋಸಿನಂತೆ ಉಬ್ಬುತ್ತಿದ್ದರೆ ಅದು ಇನ್ನೂ ಬೆಳೆಯುತ್ತಿದೆ ಎಂದರ್ಥ. ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನ ಹಾಗೆ ಒಂದು ಕಡೆಗೆ ಚಾಚಿಕೊಂಡರೆ ಸಿಡಿಲಿನ ಮೋಡ ಪಕ್ವವಾಯಿತೆಂದು ತಿಳಿಯಬೇಕು.

2:58, ಎಂಟನೇ ಸ್ಥಳ. ದೂರದಲ್ಲಿ ಗುಡುಗು. ಕೆಲವರು ತಲೆಯೆತ್ತಿ ನೋಡಿದರು. "ದೂರ ಇದೆ" ಎಂದರು.

ಗುಡುಗು ಕಿವಿಗೆ ಬಿತ್ತೆಂದರೆ ದೂರ ಇಲ್ಲ. ಬೆಟ್ಟದ ಮೌನದಲ್ಲೂ ಗುಡುಗು ಹದಿನೈದು ಕಿಲೋಮೀಟರಿಗಿಂತ ಆಚೆಯಿಂದ ಕೇಳಿಸುವುದು ಅಪರೂಪ. ಮೋಡದ ಅಂಚಿನಿಂದ ಅಷ್ಟೇ ದೂರಕ್ಕೆ ಸಿಡಿಲು ಹಾರಬಲ್ಲದು. ತಲೆಯ ಮೇಲೆ ಬಿಸಿಲಿದ್ದು, ಒಂದು ಹನಿಯೂ ಬೀಳದೆ ಸಿಡಿಲು ಬಡಿಯುವುದು ಹೀಗೆ. "ಮಳೆ ಬಂದಾಗ ಇಳಿದರಾಯಿತು" ಎನ್ನುವ ಮಾತಿನಷ್ಟು ಜೀವ ತೆಗೆಯುವ ಮಾತು ಇನ್ನೊಂದಿಲ್ಲ. ಆ ಕ್ಷಣದಲ್ಲಿ ಇಳಿದಿದ್ದರೆ 3:20ರೊಳಗೆ ಎಲ್ಲರೂ ಗಾಡಿಯೊಳಗೆ ಇರುತ್ತಿದ್ದರು, ತುದಿಯ ಇಬ್ಬರೂ ಸೇರಿ.

3:10ಕ್ಕೆ ಮಿಂಚು ಕಣ್ಣಿಗೆ ಬಿತ್ತು. ಗುಂಪಿನಲ್ಲಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ತುಟಿಯೊಳಗೇ ಎಣಿಸಿದಳು: ಗುಡುಗು ಬರುವಷ್ಟರಲ್ಲಿ 24 ಸೆಕೆಂಡು. ಶಬ್ದ ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡು ಹಿಡಿಯುತ್ತದೆ, ಆದ್ದರಿಂದ ಎಂಟು ಕಿಲೋಮೀಟರ್. 3:16ರ ಮಿಂಚಿಗೆ 15 ಸೆಕೆಂಡು, ಐದು ಕಿಲೋಮೀಟರ್. ಆರು ನಿಮಿಷಕ್ಕೆ ಮೂರು ಕಿಲೋಮೀಟರ್ ಎಂದರೆ ಗಂಟೆಗೆ ಮೂವತ್ತರ ವೇಗ, ಇನ್ನು ಹತ್ತು ನಿಮಿಷಕ್ಕೆ ಮೋಡ ನೆತ್ತಿಯ ಮೇಲೆ. ಅವಳು ಹೋಗಿ ಸಿಸ್ಟರ್ ಕಿವಿಯಲ್ಲಿ ಹೇಳಿದಳು. ಅದೇ ಹೊತ್ತಿಗೆ ಮೇಲಿನ ಹುಲ್ಲಿನಿಂದ ದನ ಹೊಡೆದುಕೊಂಡು ಬರುತ್ತಿದ್ದ ತೋಟದ ಮುದುಕರೊಬ್ಬರು ನಿಲ್ಲದೆಯೇ ಹೇಳಿದರು: "ಫಾದ್ರೇ, ಮಕ್ಕಳನ್ನ ಕರ್ಕೊಂಡು ಇಳೀರಿ. ಈ ನೆತ್ತಿ ಮೇಲೆ ಹೋದ ವರ್ಷ ಎರಡು ಹಸ ಹೋಗ್ಯಾವೆ."

3:18. ಹನ್ನೊಂದನೇ ಸ್ಥಳದ ಪ್ರಾರ್ಥನೆ ಮುಗಿದಿತ್ತು: ಯೇಸುವನ್ನು ಶಿಲುಬೆಗೆ ಜಡಿಯುತ್ತಾರೆ. ಭಕ್ತಿಯಿಂದ ನಡೆಯುವವರಿಗೆ ಅಲ್ಲಿ ನಿಲ್ಲಿಸಿ ಬೆನ್ನು ತಿರುಗಿಸುವುದು ಎಷ್ಟು ಕಷ್ಟವೆಂದು ಆ ಹಾದಿಯಲ್ಲಿ ನಡೆದವರಿಗೇ ಗೊತ್ತು. ಉಳಿದದ್ದು ಮೂರೇ ಸ್ಥಳ, ತುದಿ ಕಣ್ಣೆದುರಿಗೇ ಇದೆ, ನೆರಳಿಗೆ ಮಂಟಪ ಇದೆ. ಒಬ್ಬಿಬ್ಬರು ಹಾಗೆ ಹೇಳಿಯೂ ಹೇಳಿದರು. ಫಾದರ್ ಪುಸ್ತಕ ಮುಚ್ಚಿ, "ಸಾಕು, ಇಳಿಯೋಣ. ಉಳಿದದ್ದನ್ನು ಗಾಡಿಯಲ್ಲಿ ಮುಗಿಸೋಣ" ಎಂದರು. ತಡವಾದರೂ ಅದು ಆ ದಿನದ ಅತ್ಯುತ್ತಮ ನಿರ್ಧಾರ. ಎರಡು ಕಾರಣಕ್ಕೆ: ಮಂಟಪವನ್ನು ಆಸರೆಯೆಂದು ಎಣಿಸಲಿಲ್ಲ, ಮತ್ತು ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ, ಜಾಗ ಬದಲಿಸಿದರು. ಎರಡನೆಯದರಿಂದಲೇ ಜನ ಗೊಣಗದೆ ಇಳಿದರು.

ಇಳಿದ ಬಗೆ

29 ಮಂದಿ 700 ಮೀಟರನ್ನು ಹದಿಮೂರು ನಿಮಿಷದಲ್ಲಿ ಇಳಿದರು. ಆರಂಭದಲ್ಲಿ ದೊಡ್ಡವರು ಮಕ್ಕಳನ್ನು ಸಾಲಾಗಿ ಕೈ ಕೈ ಹಿಡಿಸಿ ಸರಪಳಿ ಮಾಡಿದರು. ಜಾರುವ ನೆಲದಲ್ಲಿ ಇದು ಸಹಜ ಬುದ್ಧಿ, ಸಿಡಿಲಿನಲ್ಲಿ ತಪ್ಪು. ಕೈ ಹಿಡಿದ ಹತ್ತು ಜನ ವಿದ್ಯುತ್ತಿಗೆ ಒಂದೇ ಉದ್ದನೆಯ ತಂತಿ, ಒಬ್ಬರಿಗೆ ತಗುಲಿದ್ದು ಉಳಿದವರಿಗೂ ಹರಿಯಬಹುದು. ಬೋಳು ಜಾಗದಲ್ಲಿ ಒಬ್ಬರಿಂದ ಒಬ್ಬರಿಗೆ ಹದಿನೈದು ಮೀಟರ್ ಅಂತರ ಇರಬೇಕು. ಎಲ್ಲರಿಗೂ ಒಟ್ಟಿಗೆ ತಗುಲಿದರೆ ಎದೆ ಒತ್ತಿ ಬದುಕಿಸಲು ಯಾರೂ ಉಳಿದಿರುವುದಿಲ್ಲ. ತೀರ ಸಣ್ಣ ಮಗುವಿದ್ದರೆ ಅದರ ಜೊತೆ ಒಬ್ಬರೇ ದೊಡ್ಡವರು ಇರಲಿ. ಸಿಸ್ಟರ್ ಎರಡೇ ನಿಮಿಷದಲ್ಲಿ ಸರಪಳಿ ಬಿಡಿಸಿದರು. ಅವರ ಕಾರಣ ಬೇರೆಯಿತ್ತು, ಒಬ್ಬ ಜಾರಿದರೆ ಎಲ್ಲರೂ ಬೀಳುತ್ತಾರೆಂದು. ಒಟ್ಟಿನಲ್ಲಿ ಒಳ್ಳೆಯದೇ ಆಯಿತು.

ತೋಟದೊಳಗೆ ಬಂದ ಮೇಲೆ ಕೆಲವರು ದೊಡ್ಡ ಸಿಲ್ವರ್ ಓಕ್ ಬುಡದಲ್ಲಿ ನಿಂತು ಉಸಿರು ತೆಗೆದುಕೊಂಡರು. ಒಂಟಿಯಾಗಿ ಎತ್ತರ ಬೆಳೆದ ಮರದ ಬುಡಕ್ಕಿಂತ ಕೆಟ್ಟ ಜಾಗ ಇಲ್ಲ. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದ ಮನುಷ್ಯನ ಮೇಲೆ ನೆಗೆಯುತ್ತದೆ, ತೊಗಟೆ ಸಿಡಿದು ಚೂರು ಹಾರುತ್ತದೆ. ಸಿಡಿಲಿನಿಂದ ಸಾಯುವವರ, ಗಾಯಗೊಳ್ಳುವವರ ಪೈಕಿ ನೇರ ತಲೆಗೆ ಬಡಿಸಿಕೊಂಡವರು ನೂರರಲ್ಲಿ ಮೂರರಿಂದ ಐದು ಮಂದಿ ಮಾತ್ರ. ಪಕ್ಕದ ವಸ್ತುವಿನಿಂದ ನೆಗೆದದ್ದು ಸುಮಾರು ಮೂರನೇ ಒಂದು ಪಾಲು, ನೆಲದ ಮೂಲಕ ಕಾಲಿಗೆ ಬಂದದ್ದು ಅರ್ಧಕ್ಕಿಂತ ಹೆಚ್ಚು ಎಂದು ವೈದ್ಯಕೀಯ ಅಂದಾಜು. ತೋಟದಲ್ಲಿ ಸಿಕ್ಕಿಬಿದ್ದರೆ ಒಂದೇ ಎತ್ತರದ ಕಾಫಿ ಸಾಲಿನ ನಡುವೆ, ಮರದ ಕಾಂಡಗಳಿಂದ ದೂರದಲ್ಲಿ ಇಳಿಯುತ್ತಲೇ ಇರಬೇಕು. ತಂತಿ ಬೇಲಿ, ಸೋಲಾರ್ ಬೇಲಿ, ಪಂಪ್‌ಸೆಟ್ಟು, ಈ ಕಾಲದಲ್ಲಿ ಹೂವಿಗೆಂದು ಎಳೆದಿರುವ ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪು, ಇವನ್ನು ಮುಟ್ಟುವುದಿರಲಿ, ಪಕ್ಕದಲ್ಲೂ ನಡೆಯಬಾರದು. ಎಲ್ಲೋ ಬಡಿದ ಸಿಡಿಲನ್ನು ಅವು ನಿಮ್ಮ ಕಾಲ ಬಳಿಗೆ ತಂದುಬಿಡುತ್ತವೆ.

ತುದಿಯಲ್ಲಿದ್ದ ಒಂಬತ್ತು ಜನ

3:19ಕ್ಕೆ ತುದಿಯವರಿಗೆ ಫೋನ್ ಹೋಯಿತು. ಉತ್ತರ: "ಆಯ್ತಣ್ಣ, ವೈರ್ ಸುತ್ಕೊಂಡು ಬರ್ತೀವಿ." 3:23ಕ್ಕೆ ಮತ್ತೆ ಫೋನ್. "ಬಂದ್ವಿ, ಬಂದ್ವಿ." ಮೇಲಿನವರಿಗೆ ಮುಖ್ಯಸ್ಥರೆಂದು ಯಾರನ್ನೂ ಗೊತ್ತು ಮಾಡಿರಲಿಲ್ಲ. ಬಾಡಿಗೆಗೆ ತಂದ ಆಂಪ್ಲಿಫೈಯರು, ಹಾರ್ನ್ ಸ್ಪೀಕರು ನೆನೆದರೆ ದುಡ್ಡು ಕೊಡಬೇಕಲ್ಲ ಎಂಬ ಚಿಂತೆ ಹುಡುಗರದು. ಐವರು ಕಾಫಿ ಡ್ರಮ್ಮು ಬಿಟ್ಟು 3:27ಕ್ಕೆ ಹೊರಟರು. ತಣ್ಣನೆಯ ಬಿರುಗಾಳಿ ಬೀಸಿ ದಪ್ಪ ಹನಿ ಉದುರತೊಡಗಿದಾಗ, 3:32ಕ್ಕೆ, ಇನ್ನಿಬ್ಬರು ಆಂಪ್ಲಿಫೈಯರ್ ಹೊತ್ತು ಹೊರಟರು. ಕೊನೆಯ ಇಬ್ಬರು ಶಿಲುಬೆಯ ಕಂಬಕ್ಕೆ ಕಟ್ಟಿದ ವೈರ್ ಬಿಚ್ಚಲಾಗದೆ, ನೆಲದ ಮೇಲಿನದನ್ನಾದರೂ ಎಳೆದುಕೊಳ್ಳೋಣವೆಂದು ಇಪ್ಪತ್ತು ಮೀಟರ್ ಈಚೆಗೆ ಬಂದಿದ್ದರು.

3:34ಕ್ಕೆ ಶಿಲುಬೆಗೆ ಸಿಡಿಲು ಬಡಿಯಿತು. ನೂರು ಮೀಟರ್ ಕೆಳಗಿದ್ದವರಿಗೆ ಬೆಳಕು, ಶಬ್ದ ಒಟ್ಟಿಗೇ ಬಂದವು, ಕಾಲಿನಲ್ಲಿ ಜುಮ್ಮೆಂದಿತು. ತಿರುಗಿ ನೋಡಿದರೆ ಮೇಲಿನ ಇಬ್ಬರೂ ನೆಲದ ಮೇಲೆ.

ಇಬ್ಬರು ಬಿದ್ದದ್ದು ಹೇಗೆಂದು ಬಿಡಿಸಿ ನೋಡೋಣ. ಶಿಲುಬೆ ಸಿಡಿಲನ್ನು ಹಿಡಿದು ನೆಲಕ್ಕಿಳಿಸಿತು. ಅಲ್ಲಿಂದ ಕರೆಂಟು ಕೆರೆಯ ಅಲೆಯಂತೆ ಸುತ್ತಲೂ ಹರಡುತ್ತದೆ. ಬುಡದಲ್ಲಿ ವೋಲ್ಟೇಜು ಅತಿ ಹೆಚ್ಚು, ದೂರ ಹೋದಂತೆ ಇಳಿಯುತ್ತದೆ. ಮನುಷ್ಯನ ಎರಡು ಕಾಲು ಆ ಇಳಿತದ ಎರಡು ಮೆಟ್ಟಿಲ ಮೇಲಿದ್ದರೆ ಅವುಗಳ ನಡುವಿನ ವ್ಯತ್ಯಾಸ ಮೈಯ ಮೂಲಕ ಹರಿಯುತ್ತದೆ. ಸಾಧಾರಣ ಸಿಡಿಲೆಂದರೆ 30,000 ಆಂಪಿಯರ್. ನೆಲದ ನಿರೋಧವನ್ನು 1,000 ಓಮ್-ಮೀಟರ್ ಎಂದಿಟ್ಟುಕೊಂಡರೆ, ಇಪ್ಪತ್ತು ಮೀಟರ್ ದೂರದಲ್ಲಿ 70 ಸೆಂಟಿಮೀಟರ್ ಹೆಜ್ಜೆ ಹಾಕಿ ನಿಂತವನ ಕಾಲುಗಳ ನಡುವೆ ಸುಮಾರು 8,000 ವೋಲ್ಟು. ಅದೇ ಜಾಗದಲ್ಲಿ ಹತ್ತು ಸೆಂಟಿಮೀಟರ್ ಅಂತರಕ್ಕೆ ಪಾದ ಜೋಡಿಸಿದ್ದರೆ 1,200. ಐದೇ ಮೀಟರ್ ದೂರದಲ್ಲಿ ಹೆಜ್ಜೆ ಹಾಕಿದ್ದರೆ 1,17,000. ಐವತ್ತು ಮೀಟರಿಗೆ ಹೋದರೆ 1,300. ಇಲ್ಲಿಯ ನೆತ್ತಿಯಲ್ಲಿ ಮಣ್ಣು ಒಂದು ಗೇಣು, ಕೆಳಗೆ ಬಂಡೆ. ಬಂಡೆ ಕರೆಂಟನ್ನು ಆಳಕ್ಕೆ ಇಳಿಯಗೊಡದೆ ಮೇಲ್ಮೈಯಲ್ಲೇ ಓಡಿಸುತ್ತದೆ, ಆದ್ದರಿಂದ ನಿಜವಾದ ಅಂಕಿ ಇದಕ್ಕಿಂತ ಹೆಚ್ಚೇ ಇರಬಹುದು. ಶಿಲುಬೆಯಿಂದ ದೂರ ಇಟ್ಟ ಒಂದೊಂದು ಮಾರಿಗೂ ಎಷ್ಟು ಬೆಲೆ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ.

ಮೊದಲನೆಯವನು ಇಳಿಜಾರಿನಲ್ಲಿ ಹೆಜ್ಜೆ ಎತ್ತಿಡುತ್ತಿದ್ದ, ಒಂದು ಕಾಲು ಮೇಲೆ, ಒಂದು ಕೆಳಗೆ. ಕರೆಂಟು ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಿತು, ಹೃದಯದ ತನಕ ಹೆಚ್ಚು ಹೋಗಲಿಲ್ಲ. ಅವನು ಉಳಿದದ್ದು ಅದಕ್ಕೇ. ದನಗಳಿಗೆ ಈ ಅದೃಷ್ಟವಿಲ್ಲ. ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರ್ ಅಂತರ, ನಡುವೆ ಹೃದಯ. ಮುದುಕರು ಹೇಳಿದ ಎರಡು ಹಸಗಳ ಕಥೆ ಇಷ್ಟೇ. ಎರಡನೆಯವನು ಆ ಕ್ಷಣಕ್ಕೆ ವೈರಿನ ಸುರುಳಿಯನ್ನು ಕೆಳಗಿಟ್ಟು ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂತಿದ್ದ. ಸಿಡಿಲಿನ ಗಾಳಿಯ ಹೊಡೆತಕ್ಕೆ ಒಂದು ಕಿವಿಯ ತಮಟೆ ಹರಿಯಿತು. ಸುರುಳಿ ಕೈಯಲ್ಲಿದ್ದಿದ್ದರೆ ಶಿಲುಬೆಯ ಬುಡದ ವೋಲ್ಟೇಜೇ ಅವನ ಅಂಗೈಗೆ ಬರುತ್ತಿತ್ತು. ಮರುದಿನ ಆ ವೈರನ್ನು ಎತ್ತಿ ನೋಡಿದಾಗ ಮೇಲಿನ ಪ್ಲಾಸ್ಟಿಕ್ಕು ಗೇಣಿಗೊಂದು ಕಡೆ ಸೀಳಿತ್ತು. ಸೀಳಿನ ಒಳಗೆ ತಾಮ್ರದ ಎಳೆ ಇರಲಿಲ್ಲ, ಕಪ್ಪು ಮಸಿ ಇತ್ತು. ತಾಮ್ರ ಆವಿಯಾಗಿ ಹೋಗಿತ್ತು.

ಇಬ್ಬರ ಕಾಲಲ್ಲೂ ರಬ್ಬರ್ ಚಪ್ಪಲಿ ಇತ್ತು. ಮೋಡದಿಂದ ನೆಲದವರೆಗೆ ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದ ಸಿಡಿಲಿಗೆ ಅರ್ಧ ಇಂಚು ರಬ್ಬರ್ ಲೆಕ್ಕಕ್ಕಿಲ್ಲ. ಕೊರಳಿನ ಶಿಲುಬೆ, ಜಪಮಾಲೆ, ಮೊಬೈಲು ಸಿಡಿಲನ್ನು ಕರೆಯುತ್ತವೆ ಎಂಬುದೂ ಸರಿಯಲ್ಲ. ಸಿಡಿಲು ನೋಡುವುದು ಎತ್ತರ, ಒಂಟಿತನ, ಚೂಪು. ಬೋಳು ನೆತ್ತಿಯ ಮೇಲಿನ ಐದು ಮೀಟರ್ ಕಂಬಕ್ಕೆ ಮೂರೂ ಇವೆ. ಅದು ಮರದ್ದಾಗಿದ್ದರೂ ಬಡಿಯುತ್ತಿತ್ತು.

ನಾಡಿ ನೋಡಿದ ಕೈ

ಆಂಪ್ಲಿಫೈಯರ್ ಹೊತ್ತಿದ್ದ ಇಬ್ಬರು ಅದನ್ನು ಅಲ್ಲೇ ಇಟ್ಟು ಮೇಲಕ್ಕೆ ಓಡಿದರು. ಇದು ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ಸಿಡಿಲು ನಿಂತಿಲ್ಲದ ಜಾಗಕ್ಕೆ ಹೋಗುವುದು ಅಪಾಯವೇ. ಆದರೆ ಉಸಿರು ನಿಂತವನಿಗೆ ನಾಲ್ಕೈದು ನಿಮಿಷ ಬಿಟ್ಟರೆ ಮಿದುಳು ಉಳಿಯುವುದಿಲ್ಲ. ಹತ್ತಿರದ ಇಬ್ಬರು ಹೋಗುವುದು, ಉಳಿದವರು ಗುಂಪು ಕಟ್ಟಿ ಮೇಲೆ ಬಾರದಿರುವುದು: ಇದೇ ಸರಿಯಾದ ಪ್ರಮಾಣ. ಇಲ್ಲಿ ಹಾಗೆಯೇ ಆಯಿತು.

ಸಿಡಿಲು ತಗುಲಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಕೂಡಲೇ ಮುಟ್ಟಬಹುದು. ಒಬ್ಬ ಎದ್ದು ಕೂತಿದ್ದ, ಕಿವಿಯಿಂದ ರಕ್ತ, ತಾನೆಲ್ಲಿದ್ದೇನೆಂದು ತಿಳಿಯದ ನೋಟ. ಇನ್ನೊಬ್ಬನ ಕಾಲುಗಳು ಸೊಂಟದಿಂದ ಕೆಳಗೆ ನೀಲಿ, ತಣ್ಣಗೆ, ಚಿವುಟಿದರೂ ಗೊತ್ತಾಗುತ್ತಿಲ್ಲ. ಬಂದವರಲ್ಲಿ ಒಬ್ಬ ಪಾದದ ಗಿಣ್ಣಿನಲ್ಲಿ ನಾಡಿ ನೋಡಿ, ಸಿಗದೆ, "ಹೋಗ್ಬಿಟ್ಟ" ಎಂದು ಕೂಗಿದ. ಸಿಡಿಲಿನ ಗಾಯದಲ್ಲಿ ಇದೊಂದು ವಿಶೇಷ. ಕೈಕಾಲಿನ ರಕ್ತನಾಳಗಳು ಸೆಟೆದುಕೊಂಡು ಕೆಲವು ಗಂಟೆ ನಾಡಿಯೇ ಸಿಗುವುದಿಲ್ಲ, ಪಾರ್ಶ್ವವಾಯುವಿನಂತೆ ಅಲುಗಾಡುವುದಿಲ್ಲ, ಆಮೇಲೆ ಬಹುಪಾಲು ತಾನಾಗಿ ಸರಿಯಾಗುತ್ತದೆ. ನಾಡಿ ನೋಡಬೇಕಾದ್ದು ಕುತ್ತಿಗೆಯಲ್ಲಿ, ಗಂಟಲ ಗಡ್ಡೆಯ ಪಕ್ಕದ ತಗ್ಗಿನಲ್ಲಿ ಎರಡು ಬೆರಳಿಟ್ಟು, ಹತ್ತು ಸೆಕೆಂಡಿನೊಳಗೆ. ಜೊತೆಯವನು ಅಲ್ಲಿ ಬೆರಳಿಟ್ಟು ನೋಡಿದ. ನಾಡಿ ಇತ್ತು, ಎದೆಯೂ ಏರಿಳಿಯುತ್ತಿತ್ತು.

ಉಸಿರಿರದಿದ್ದರೆ? ಇಲ್ಲಿ ಸಿಡಿಲಿನ ನಿಯಮ ಬೇರೆ ಅಪಘಾತಗಳಿಗಿಂತ ಉಲ್ಟಾ. ಹಲವರು ಬಿದ್ದಿದ್ದರೆ ನರಳುವವರನ್ನು ಬಿಟ್ಟು, ಸತ್ತಂತೆ ಬಿದ್ದವರ ಕಡೆ ಮೊದಲು ಹೋಗಬೇಕು. ನರಳುವವನು ಉಸಿರಾಡುತ್ತಿದ್ದಾನೆ, ಬದುಕಿಕೊಳ್ಳುತ್ತಾನೆ. ಸತ್ತಂತಿರುವವನ ಹೃದಯ ಒಮ್ಮೆ ನಿಂತು ಎಷ್ಟೋ ಸಲ ತಾನಾಗಿ ಮತ್ತೆ ಹೊಡೆದುಕೊಳ್ಳುತ್ತದೆ. ಆದರೆ ಉಸಿರಿನ ಕೇಂದ್ರ ಮರಗಟ್ಟಿರುವುದರಿಂದ ಗಾಳಿ ಸಿಗದೆ ಅದು ಎರಡನೇ ಸಲ ನಿಲ್ಲುತ್ತದೆ. ಆ ನಡುವೆ ಉಸಿರು ಊದಿ, ಎದೆ ಒತ್ತಿ ಕೊಟ್ಟ ನಿಮಿಷಗಳೇ ಅವನ ಆಯುಷ್ಯ. ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡವಿಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, 30 ಸಲ ಒತ್ತಿ 2 ಸಲ ಉಸಿರು ಊದಬೇಕು. ಕಣ್ಣಿನ ಪಾಪೆ ಅಗಲವಾಗಿ ನಿಂತಿದ್ದರೂ ಸತ್ತನೆಂದು ಬಿಡಬಾರದು, ಸಿಡಿಲಿನಲ್ಲಿ ಅದು ನಂಬುವ ಗುರುತಲ್ಲ. ಸಗಣಿ ಮೆತ್ತುವುದು, ಮಣ್ಣಿನಲ್ಲಿ ಹೂಳುವುದು, ತಣ್ಣೀರು ಸುರಿಯುವುದು, ಇವೆಲ್ಲ ಆ ನಿಮಿಷಗಳನ್ನು ಕದಿಯುತ್ತವೆ.

ಕಾಲು ಸತ್ತವನನ್ನು ಕಂಕುಳಿಗೆ ಕೈ ಹಾಕಿ ಏಣಿನ ಮೇಲಿಂದ ಪಕ್ಕದ ಇಳಿಜಾರಿನ ತಗ್ಗಿಗೆ ಎಳೆದರು, ಅರವತ್ತು ಮೀಟರ್. ಇನ್ನೊಬ್ಬನನ್ನು ತೋಳು ಹಿಡಿದು ನಡೆಸಿದರು. ಎತ್ತರದಿಂದ ಬಿದ್ದಿಲ್ಲವಾದ್ದರಿಂದ ಬೆನ್ನುಮೂಳೆಯ ಭಯಕ್ಕಿಂತ ಜಾಗದ ಭಯ ದೊಡ್ಡದಾಗಿತ್ತು. 3:41ಕ್ಕೆ ಅದೇ ಶಿಲುಬೆಗೆ ಇನ್ನೊಮ್ಮೆ ಬಡಿಯಿತು. ಬಡಿದ ಜಾಗಕ್ಕೆ ಸಿಡಿಲು ಮತ್ತೆ ಬರುವುದಿಲ್ಲ ಎಂದು ಅಲ್ಲೇ ಕೂತಿದ್ದರೆ ಅಂದು ನಾಲ್ವರು ಬೀಳುತ್ತಿದ್ದರು.

ಗಾಡಿಯೊಳಗೆ

ಟಿಟಿಗಳಲ್ಲಿ ತಲಾ ಹದಿಮೂರು ಸೀಟು. ಮೊದಲು ಇಳಿದ 29 ಜನ, ಆಮೇಲೆ ಬಂದ ಐವರು ಎಲ್ಲ ಅವುಗಳಲ್ಲೇ ತುಂಬಿಕೊಂಡರು. ಜೀಪಿಗೆ ಹತ್ತಿದ್ದ ನಾಲ್ಕು ಹುಡುಗರನ್ನು ಡ್ರೈವರ್ ಬೈದು ಇಳಿಸಿದ. ಅದಕ್ಕೆ ಕ್ಯಾನ್ವಾಸ್ ಹುಡ್ ಇತ್ತು. ಗಾಡಿ ಕಾಪಾಡುವುದು ಟೈರಿನಿಂದಲ್ಲ, ಸುತ್ತಲೂ ಮುಚ್ಚಿದ ತಗಡಿನ ಗೂಡಿನಿಂದ. ಸಿಡಿಲು ಹೊರಮೈಯಲ್ಲೇ ಹರಿದು ನೆಲ ಸೇರುತ್ತದೆ. ಕಿಟಕಿ ಏರಿಸಿ, ಬಾಗಿಲಿನ ಹಿಡಿ, ಸ್ಟೀರಿಂಗು, ಚಾರ್ಜರ್ ವೈರು ಮುಟ್ಟದೆ ಕೂರಬೇಕು. ಕ್ಯಾನ್ವಾಸಿನ ಜೀಪು, ಬೈಕು, ಟ್ರ್ಯಾಕ್ಟರು ಈ ಲೆಕ್ಕಕ್ಕೆ ಬರುವುದಿಲ್ಲ. ತಗಡಿನ ಮಂಟಪವೂ ಅಷ್ಟೇ. ಗೋಡೆ, ವೈರಿಂಗು, ನಲ್ಲಿ ಇರುವ ಪಕ್ಕಾ ಮನೆ ಆಸರೆ. ನಾಲ್ಕು ಪೈಪಿನ ಮೇಲಿನ ತಗಡು ಮಳೆಗೆ ಮಾತ್ರ ಕೊಡೆ.

ಒಂದು ಟಿಟಿಯಲ್ಲಿ ಸಿಸ್ಟರ್ ಹನ್ನೆರಡನೇ ಸ್ಥಳದಿಂದ ಪ್ರಾರ್ಥನೆ ಮುಂದುವರಿಸಿದರು. ಆಲಿಕಲ್ಲಿನ ಸದ್ದಿಗೆ ಹಿಂದಿನ ಸೀಟಿನವರಿಗೆ ಕೇಳಿಸಲಿಲ್ಲ, ಅವರು ತುಟಿ ನೋಡಿ ಉತ್ತರ ಹೇಳಿದರು. ತಲೆ ಎಣಿಸಿದಾಗ 34. ನಾಲ್ಕು ಕಡಿಮೆ ಎಂದು ಗೊತ್ತಾದದ್ದು ಹಾಗೆ. ಬೆಳಿಗ್ಗೆ ಹೆಸರು ಬರೆದುಕೊಂಡ ಹಾಳೆ ಇಲ್ಲದಿದ್ದರೆ ಲೈನಿನಿಂದ ಬಂದವರನ್ನು ಹೇಗೆ ಎಣಿಸುತ್ತಿದ್ದರು?

108ಕ್ಕೆ ಕರೆ ಹೋಯಿತು, ಆಂಬುಲೆನ್ಸ್ ಬರಲು ಹೊತ್ತಾಗುತ್ತದೆಂದು ತಿಳಿಯಿತು. ನಾಲ್ವರೂ ಕೆಳಗೆ ಮುಟ್ಟಿದ್ದು 4:05ಕ್ಕೆ. ಒಂದು ಟಿಟಿಯನ್ನು ಖಾಲಿ ಮಾಡದೆ, ಮುಂದಿನ ಸೀಟುಗಳನ್ನಷ್ಟೇ ತೆರವು ಮಾಡಿ, ಗಾಯಾಳುಗಳೊಂದಿಗೆ ತಾಲ್ಲೂಕು ಆಸ್ಪತ್ರೆಗೆ ಹೊರಟರು. ಇನ್ನೊಂದು ಗಾಡಿ ಕೊನೆಯ ಗುಡುಗು ಕೇಳಿದ 4:22ರಿಂದ ಮೂವತ್ತು ನಿಮಿಷ ಎಣಿಸಿ 4:52ಕ್ಕೆ ಕದಲಿತು. ನಡುವೆ ಒಂದು ಗುಡುಗು ಕೇಳಿದರೂ ಆ ಮೂವತ್ತು ನಿಮಿಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮಳೆ ನಿಂತಿದ್ದು 4:15ಕ್ಕೇ, ಮಕ್ಕಳು ಇಳಿಯಲು ಹಟ ಹಿಡಿದಿದ್ದರು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಕಿವಿ ನೋಡಿ, ಸ್ನಾಯು ಹಾನಿ ತಿಳಿಯಲು ಮೂತ್ರದ ಬಣ್ಣ ಗಮನಿಸಿ, ಒಂದು ರಾತ್ರಿ ಇರಿಸಿಕೊಂಡರು. ಸತ್ತಂತಿದ್ದ ಕಾಲುಗಳಿಗೆ ನಾಲ್ಕು ಗಂಟೆಯೊಳಗೆ ಬಿಸಿ ಮರಳಿತು. ತೊಡೆಯ ಮೇಲೆ ಜರೀಗಿಡದ ಎಲೆಯಂಥ ಕೆಂಪು ಗೆರೆಗಳು ಮೂಡಿದ್ದವು. ಮನೆಯವರು ಸುಟ್ಟ ಗಾಯವೆಂದು ಹೆದರಿದರು. ಅದು ಸುಟ್ಟದ್ದಲ್ಲ, ಮುಲಾಮು ಬೇಕಿಲ್ಲ, ಒಂದೆರಡು ದಿನಕ್ಕೆ ಮಾಯವಾಗುತ್ತದೆ. ಹರಿದ ಕಿವಿ ತಮಟೆ ಕೂಡಿಕೊಳ್ಳಲು ವಾರಗಳೇ ಹಿಡಿದವು.

ಮರುವರ್ಷದ ಏರ್ಪಾಡು

ಶಿಲುಬೆ ಹಾದಿ ಬೆಳಿಗ್ಗೆ 6:30ಕ್ಕೆ ಗಟ್ಟಿಯಾಯಿತು. ಡಾಕ್ಟರು ಬರಲಿ ಬಿಡಲಿ, ಮಧ್ಯಾಹ್ನದ ನಂತರ ಗುಡ್ಡವಿಲ್ಲ. ಪ್ರಾರ್ಥನೆ ನಡೆಸುವವರ ಕಣ್ಣು ಪುಸ್ತಕದ ಮೇಲಿರುತ್ತದೆ, ಆದ್ದರಿಂದ ಮೋಡ ನೋಡುವ ಹೊಣೆ ಬೇರೊಬ್ಬರಿಗೆ. ಈ ಕೆಲಸಕ್ಕೆ ತೋಟದ ಲೆಕ್ಕಪತ್ರ ನೋಡುವ ರೈಟರನ್ನೇ ಕೇಳಿಕೊಂಡರು. ಅವರು ಹಿಂದಿನ ರಾತ್ರಿ ಮತ್ತು ಹೊರಡುವ ಮುನ್ನ ಹವಾಮಾನ ಇಲಾಖೆಯ ಮೂರು ಗಂಟೆ ಅವಧಿಯ ಮುನ್ಸೂಚನೆ ನೋಡುತ್ತಾರೆ. ಮೊಬೈಲಿನಲ್ಲಿ ಪುಣೆಯ ಸಂಸ್ಥೆ ಮಾಡಿದ ದಾಮಿನಿ ಆ್ಯಪ್ ಇದೆ, ಸುತ್ತಲಿನ 20ರಿಂದ 40 ಕಿಲೋಮೀಟರಿನೊಳಗೆ ಮಿಂಚಿದರೆ ತೋರಿಸುತ್ತದೆ. ಗುಡ್ಡದ ಮೇಲೆ ನೆಟ್‌ವರ್ಕ್ ಹೋಗಿಬರುವುದರಿಂದ ಆ್ಯಪನ್ನು ನಂಬಿ ಕಿವಿ ಮುಚ್ಚಿಕೊಳ್ಳುವಂತಿಲ್ಲ. ಮೊದಲ ಗುಡುಗಿಗೆ ಅವರು ಮೂರು ಸಲ ಸೀಟಿ ಊದಿದರೆ ಎಲ್ಲಿದ್ದರೆ ಅಲ್ಲಿಂದ ಇಳಿಯುವುದು, ಫಾದರ್ ಕೂಡ ಪ್ರಶ್ನಿಸುವಂತಿಲ್ಲ. ಇದನ್ನು ಫಾದರೇ ಪೂಜೆಯ ಕೊನೆಯಲ್ಲಿ ಎಲ್ಲರೆದುರು ಹೇಳಿದರು.

ವೈರಿನ ಸ್ಪೀಕರ್ ಕೈಬಿಟ್ಟರು. ಹೆಗಲಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪೀಕರ್ ಸಾಕು. ಇಳಿಯುವಾಗ ಯಾವ ಸಾಮಾನನ್ನೂ ತರಬೇಕಿಲ್ಲ, ಕಳೆದರೆ ಧರ್ಮಕೇಂದ್ರ ಭರಿಸುತ್ತದೆ ಎಂದು ಮೊದಲೇ ಹೇಳಿಟ್ಟರು. ಹುಡುಗರನ್ನು ತುದಿಯಲ್ಲಿ ಹಿಡಿದಿಟ್ಟದ್ದು ಆ ಬಾಡಿಗೆಯ ಚಿಂತೆಯೇ ಆದ್ದರಿಂದ ಈ ಒಂದು ಮಾತಿನ ತೂಕ ದೊಡ್ಡದು. ಮೇಲಿನ ಗುಂಪಿಗೊಬ್ಬ ಮುಖ್ಯಸ್ಥ, ಕೊನೆಯಲ್ಲಿ ನಡೆಯುವವನೊಬ್ಬ, ಇಬ್ಬರ ಬಳಿಯೂ ಹೆಸರಿನ ಹಾಳೆ.

ಶಿಲುಬೆಯನ್ನು ತೆಗೆಯಬೇಕೇ ಎಂಬ ಮಾತೂ ಬಂದಿತ್ತು. ತೆಗೆಯುವ ಅಗತ್ಯವಿರಲಿಲ್ಲ. ಕಂಬದ ಬುಡದಿಂದ ದಪ್ಪ ಪಟ್ಟಿಯಲ್ಲಿ ಎರಡು ದಿಕ್ಕಿಗೆ ಅರ್ಥಿಂಗ್ ಎಳೆದು, ಬಂಡೆ ಇಲ್ಲದ ಕೆಳ ಇಳಿಜಾರಿನಲ್ಲಿ ಗುಂಡಿ ತೋಡಿ, ನಿರೋಧ ಹತ್ತು ಓಮಿಗಿಂತ ಕಡಿಮೆ ಬರುವಂತೆ ನೋಡಿಕೊಳ್ಳಬೇಕೆಂದು ಎಲೆಕ್ಟ್ರಿಷಿಯನ್ ಹೇಳಿದರು. ಕಂಬದ ಸುತ್ತ ಮೂರು ಮೀಟರಿಗೆ ಹದಿನೈದು ಸೆಂಟಿಮೀಟರ್ ದಪ್ಪ ಜಲ್ಲಿ ಹಾಸಿದರು. ಇದು ಅಕಸ್ಮಾತ್ ಹತ್ತಿರ ನಿಂತವನ ಕಾಲಿಗೆ ಬರುವ ವೋಲ್ಟೇಜನ್ನು ತಗ್ಗಿಸಲು, ಗುಡುಗಿನಲ್ಲಿ ಅಲ್ಲಿ ನಿಲ್ಲಲು ಅಲ್ಲ. ಮಂಟಪದ ಪೈಪಿಗೆ ಒಂದು ಬೋರ್ಡು ಕಟ್ಟಿದ್ದಾರೆ: "ಗುಡುಗು ಕೇಳಿದರೆ ಇಲ್ಲಿ ನಿಲ್ಲಬೇಡಿ. ಕಣದ ಹತ್ತಿರದ ಪಕ್ಕಾ ಕಟ್ಟಡಕ್ಕೆ 950 ಮೀಟರ್." ಗಾಡಿಗಳನ್ನು ಈಗ ಮೂತಿ ಕೆಳಮುಖವಾಗಿ ನಿಲ್ಲಿಸುತ್ತಾರೆ. ಸೀಟಿನ ಲೆಕ್ಕ ಹಾಕುವಾಗ ಜೀಪನ್ನು ಸೇರಿಸುವುದಿಲ್ಲ.